ಹಾಲುಕ್ಕಿಸಲು ಎಳೆದ ವೈರು

ಫೆಬ್ರವರಿ 10, ಮಂಗಳವಾರ

ಒಂದು ಮಾತನ್ನು ಬರೆಯದೆಯೇ ಬಿಡುವವಳಿದ್ದೆ. ನಿನ್ನೆ ಸಂಜೆ ಈ ಪುಸ್ತಕದಲ್ಲಿ ಎರಡು ಪುಟ ತುಂಬಿಸಿ ಎಲ್ಲರನ್ನೂ ಚೆನ್ನಾಗಿ ಬೈದಿದ್ದೆ. ಆ ಮಾತು ಮಾತ್ರ ಅದರಲ್ಲಿ ಇರಲಿಲ್ಲ. ಆ ಪುಟಗಳನ್ನು ಹರಿದು ಹಾಕಿದ್ದೇನೆ. ಬಿಟ್ಟಿದ್ದು ಇಷ್ಟು: ಪಂಪ್ ಶೆಡ್ಡಿನಿಂದ ವೈರ್ ಎಳೆಯಿರಿ ಎಂದವಳು ನಾನು.

ಮೊದಲಿನಿಂದ ಬರೆಯುತ್ತೇನೆ.

ನನ್ನ ಗಂಡ ರುದ್ರೇಶನಿಗೆ ನಲವತ್ತೊಂಬತ್ತನೇ ವಯಸ್ಸಿನಲ್ಲಿ ಮೋಟರ್‌ಹೋಮ್ ಬೇಕೆನಿಸಿತು. ಹಳೆಯ ಟೆಂಪೋ ಟ್ರಾವೆಲರ್ ಒಂದನ್ನು ಕೊಯಮತ್ತೂರಿಗೆ ಕಳಿಸಿ, ಅದರೊಳಗೆ ಮಂಚ, ಸಿಂಕು, ಇಂಡಕ್ಷನ್ ಒಲೆ, ಒಬ್ಬರು ಅಡ್ಡಡ್ಡ ನಿಲ್ಲಬಹುದಾದ ಬಚ್ಚಲು, ಆ ಬಚ್ಚಲಿಗೊಂದು ಗೀಸರ್ ಕೂರಿಸಿಕೊಂಡು ಬಂದ. ಶಿವಮೊಗ್ಗದ ಸೋಗಾನೆಯಲ್ಲಿ ವಿಮಾನ ಇಳಿದವರೆಲ್ಲ ನೇರ ಬಂದು ಇದನ್ನೇ ಹತ್ತುತ್ತಾರೆ ಎಂದು ಅವನ ನಂಬಿಕೆ. ಗಾಜನೂರಿನಲ್ಲಿ ಅವನ ಸ್ನೇಹಿತ ಕಾಂತರಾಜ್ ಹೊಲದಲ್ಲಿ ನಾಲ್ಕು ಟೆಂಟು ಹೊಡೆದು ಕ್ಯಾಂಪ್‌ಸೈಟ್ ಎಂದು ಬೋರ್ಡು ಹಾಕಿದ್ದಾನೆ. ಗಾಡಿ ನಿಲ್ಲುವುದು ಅಲ್ಲಿ. ನಿಂತ ಗಾಡಿಗೆ ಕರೆಂಟ್ ಕೊಡಲು ಸೊಂಟದೆತ್ತರದ ಒಂದು ಕಂಬ, ಕಂಬದಲ್ಲಿ ಪೆಟ್ಟಿಗೆ, ಪೆಟ್ಟಿಗೆಯಲ್ಲಿ ನೀಲಿ ಬಣ್ಣದ ಸಾಕೆಟ್ಟು.

ಗಾಡಿ ಮನೆಯೂ ಹೌದಲ್ಲ, ಆದ್ದರಿಂದ ಗೃಹಪ್ರವೇಶ. ಅತ್ತೆ ಜಗದಾಂಬಾ, ಪೂಜೆಯ ಅಯ್ಯನವರನ್ನು ಕೇಳಿ ಭಾನುವಾರ ಬೆಳಿಗ್ಗೆ 9.40ರಿಂದ 10.15ರೊಳಗೆ ಹಾಲುಕ್ಕಬೇಕೆಂದು ಗೊತ್ತುಮಾಡಿಕೊಂಡು ಬಂದರು. ಸ್ಟೇರಿಂಗಿಗೆ ವಿಭೂತಿ. ಬಾಗಿಲಿಗೆ ಮಾವಿನೆಲೆ. ಬಾಗಿಲ ಕೆಳಗಿನ ಕಬ್ಬಿಣದ ಮೆಟ್ಟಿಲು ಹೊಸ್ತಿಲಂತೆ, ಅದಕ್ಕೆ ಅರಿಶಿನ ಕುಂಕುಮ. ಹತ್ತುವವರೆಲ್ಲ ಚಪ್ಪಲಿ ಕೆಳಗೆ ಬಿಡಬೇಕು. ಬಿಟ್ಟ ಮೂವತ್ತು ಜೊತೆ ಚಪ್ಪಲಿ ಒಂದು ವ್ಯಾನಿನ ಮುಂದೆ ಬಿದ್ದಿರುವುದನ್ನು ನೋಡಿ ನಾನೂ ಬಿಟ್ಟೆ.

ಹಾಲನ್ನು ಗಾಡಿಯ ಇಂಡಕ್ಷನ್ ಒಲೆಯ ಮೇಲಿಟ್ಟು, 9.45ಕ್ಕೆ ರುದ್ರೇಶ್ ಕಂಬಕ್ಕೆ ಕೇಬಲ್ ಸಿಕ್ಕಿಸಿದ. ಪೆಟ್ಟಿಗೆಯೊಳಗಿನ ಸ್ವಿಚ್ಚು ಟಪ್ಪೆಂದು ಬಿತ್ತು. ಎತ್ತಿದ. ಬಿತ್ತು. ಮೂರನೇ ಸಲವೂ ಬಿತ್ತು. ಆ ಪೆಟ್ಟಿಗೆ ಕೂರಿಸಿದ ವೈರ್‌ಮನ್, ಭದ್ರಾವತಿಯ ಕೊಟ್ರಬಸಪ್ಪ, ಊಟಕ್ಕೆ ಬಂದಿದ್ದ. ಅರವತ್ತರ ಆಸುಪಾಸು, ಪೆನ್ನಿನ ಜಾಗದಲ್ಲಿ ಟೆಸ್ಟರ್, ಹಬ್ಬಕ್ಕೆಂದು ಇಸ್ತ್ರಿ ಮಾಡಿದ ಖಾಕಿ ಅಂಗಿ.

"ಅದು ಬೀಳೋದು ನಿಮ್ಮ ಪುಣ್ಯ ಸಾರ್," ಎಂದ. "ಗಾಡೀಲೇ ಎಲ್ಲೋ ಕರೆಂಟು ತಗಡಿಗೆ ಹತ್ತಿದೆ. ಒಂದೊಂದೇ ಬಿಚ್ಚಿ ನೋಡ್ಬೇಕು. ಸಂಜೆ ಆಗುತ್ತೆ."

"ಸಂಜೆ ಆದ್ರೆ ಹಾಲು ನಿನ್ ತಲೆ ಮೇಲೆ ಉಕ್ಕಿಸ್ಲಾ ಮಾರಾಯ?" ಎಂದ ಕಾಂತರಾಜ್.

"ಕರೆಂಟಿಗೆ ಮುಹೂರ್ತ ಗೊತ್ತಾಗಲ್ಲ ಸಾರ್."

ನನಗೆ ಎಲ್ಲರನ್ನೂ ಕಂಡು ಹೇಸಿಗೆಯಾಯಿತು. ಬಿಸಿಲು, ರೇಷ್ಮೆ ಸೀರೆ, ಬರಿಗಾಲು. ಒಬ್ಬರಿಗೆ ಪಂಚಾಂಗ, ಇನ್ನೊಬ್ಬರಿಗೆ ಟೆಸ್ಟರು. "ಆ ಪಂಪ್ ಶೆಡ್ಡಲ್ಲಿ ಪ್ಲಗ್ ಇದೆಯಲ್ಲ, ಅಲ್ಲಿಂದ ಒಂದು ವೈರ್ ಎಳೀರಿ. ಹಾಲು ಉಕ್ಕಲಿ, ಮನೆಗೆ ಹೋಗೋಣ," ಎಂದೆ.

"ಅದರಲ್ಲಿ ಎರಡೇ ವೈರು ಮೇಡಂ. ಅರ್ಥಿಂಗ್ ಇಲ್ಲ. ಬೀಳೋ ಸ್ವಿಚ್ಚೂ ಇಲ್ಲ."

"ಇಷ್ಟು ಹೆದರಿಕೆ ಇರೋರು ಈ ಕೆಲಸಕ್ಕೆ ಯಾಕ್ರೀ ಬಂದ್ರಿ? ಹೂವು ಕಟ್ಟಬಹುದಿತ್ತು."

ನಾಲ್ಕೈದು ಜನ ನಕ್ಕರು. ನಾನೂ ನಕ್ಕೆ. ಅವನು ಚೀಲ ಎತ್ತಿಕೊಂಡು ಊಟ ಮಾಡದೆ ಹೊರಟುಹೋದ.

ರುದ್ರೇಶ್, ಕಾಂತರಾಜ್ ಸೇರಿ ಪಂಪ್ ಶೆಡ್ಡಿನಿಂದ ವೈರ್ ಎಳೆದರು. 10.09ಕ್ಕೆ ಹಾಲುಕ್ಕಿತು. ಚಪ್ಪಾಳೆ ತಟ್ಟಿದರು.

ವೈರನ್ನು ಯಾರೂ ತೆಗೆಯಲಿಲ್ಲ. ಸೋಮವಾರ ಬೆಳಿಗ್ಗೆ ಏಳಕ್ಕೆ ಕ್ಯಾಂಪ್‌ಸೈಟಿನ ಕೆಲಸದವಳು, ಚೌಡಮ್ಮ ಅಂತ, ಗಾಡಿಯ ಮುಂದೆ ನೀರು ಹಾಕಿ ರಂಗೋಲಿ ಬಿಟ್ಟು, ಒದ್ದೆ ಬಟ್ಟೆಯಲ್ಲಿ ಆ ಕಬ್ಬಿಣದ ಹೊಸ್ತಿಲು ಒರೆಸಲು ಹೋಗಿದ್ದಾಳೆ. ಕರೆಂಟು ಎತ್ತಿ ಒಗೆದಿದೆ. ಅಂಗೈ ಸುಟ್ಟಿದೆ, ಮಣಿಕಟ್ಟು ಮುರಿದಿದೆ. ಬದುಕಿದ್ದಾಳೆ.

ಆಂಬುಲೆನ್ಸ್ ಬರುವಷ್ಟರಲ್ಲಿ ರುದ್ರೇಶ್, ಕಾಂತರಾಜ್ ಇಬ್ಬರೂ ಪಂಪ್ ಶೆಡ್ಡಿನ ವೈರನ್ನು ಸುತ್ತಿಟ್ಟು ಕೇಬಲ್ಲನ್ನು ಕಂಬಕ್ಕೆ ಸಿಕ್ಕಿಸಿಟ್ಟಿದ್ದಾರೆ. ಗಾಡಿ ಕಂಬದಲ್ಲೇ ಇತ್ತು ಎಂದು ಹೇಳಿದರಾಯಿತು, ತಪ್ಪು ಕಂಬದ್ದಾಗುತ್ತದೆ. ರುದ್ರೇಶ್ ಇದನ್ನು ಫೋನಿನಲ್ಲಿ ಹೇಳಿದ ರೀತಿ ಕೇಳಬೇಕಿತ್ತು. ಮಳೆ ಬರುವ ಮೊದಲು ಬಟ್ಟೆ ಒಳಗೆ ತಂದವರ ದನಿ.

ಫೆಬ್ರವರಿ 11, ಬುಧವಾರ

ಇನ್ನೂ ಒಂದಿದೆ. ಗಾಡಿಯ ಜೊತೆ ಇಂಗ್ಲಿಷ್ ಕೈಪಿಡಿಯೊಂದು ಬಂದಿತ್ತು. ನಾನು ಇಂಗ್ಲಿಷ್ ಮೀಡಿಯಮ್ಮಿನವಳು. ಗ್ಯಾಸ್ ಸಿಲಿಂಡರಿನ ಚೀಟಿಯಿಂದ ಹಿಡಿದು ಈ ಮನೆಯ ಕಾಗದವೆಲ್ಲ ನನ್ನ ಕೈಗೇ ಬರುತ್ತದೆ. ಶಂಕರಘಟ್ಟದ ನನ್ನ ಆಫೀಸಿಗೆ ಹೋಗುವ ಬಸ್ಸಿನಲ್ಲಿ ಅದನ್ನು ಪೂರ್ತಿ ಓದಿದ್ದೆ. ಹದಿನಾಲ್ಕನೇ ಪುಟ: ಸ್ವಿಚ್ಚು ಮತ್ತೆ ಮತ್ತೆ ಬಿದ್ದರೆ ಬೇರೆ ಕಡೆಯಿಂದ ಕರೆಂಟ್ ಕೊಡಬೇಡಿ, ವಾಹನವನ್ನು ಪರೀಕ್ಷಿಸಿ. ನೆನಪಿದ್ದದ್ದು ಅದರಲ್ಲಿನ ಎರಡು ಕಾಗುಣಿತದ ತಪ್ಪು ಮಾತ್ರ. ಅವನ್ನು ಆಫೀಸಿನಲ್ಲಿ ತೋರಿಸಿ ನಗಾಡಿದ್ದೆ.

ಫೆಬ್ರವರಿ 13, ಶುಕ್ರವಾರ

ಕಾಂತರಾಜ್ ಮನೆಗೆ ಬಂದಿದ್ದ. ಅಂಗಿಯ ತುಂಬ ಸೆಂಟು. ವಿದ್ಯುತ್ ಪರಿವೀಕ್ಷಕರು ಅಲ್ಲಿದ್ದವರ ಲಿಖಿತ ಹೇಳಿಕೆ ಕೇಳಿದ್ದಾರಂತೆ, ಮಾರ್ಚ್ ಐದರೊಳಗೆ ಮುಟ್ಟಬೇಕು.

"ಇಂಗ್ಲಿಷಲ್ಲಿ ಗಟ್ಟಿಯಾಗಿ ಒಂದು ಬರ್ಕೊಡಿ ಅತ್ತಿಗೆ. ನಾವು ಮೂರು ಜನ ಸೈನ್ ಹಾಕಣ. ಕಂಬದ ವೈರಿಂಗ್ ಸರಿ ಇರ್ಲಿಲ್ಲ, ಅಷ್ಟೇ."

"ಕೊಟ್ರಬಸಪ್ಪನಿಗೆ ಏನಾಗುತ್ತೆ?"

"ಪರ್ಮಿಟ್ ಹೋಗುತ್ತೆ. ಹೋಗ್ಲಿ ಬಿಡಿ, ವಯಸ್ಸಾಯ್ತಲ್ಲ. ಮನೇಲಿ ಕೂತು ಟೀವಿ ನೋಡ್ತಾನೆ."

ರುದ್ರೇಶ್ ಚಕ್ಕುಲಿ ಮುರಿಯುತ್ತ ಕೂತಿದ್ದ. "ಒಂದು ಪುಟ ಸಾಕು," ಎಂದ, ನನ್ನ ಮುಖ ನೋಡದೆ.

ಬರೆದೆ. ಒಂದೂ ಸುಳ್ಳು ಇಲ್ಲದ ಹಾಗೆ, ಒಂದೂ ನಿಜ ಹೇಳದ ಹಾಗೆ. ಯಾರು ಮಾಡಿದರು ಎಂಬುದೇ ಬರದ ಹಾಗೆ ವಾಕ್ಯ ಕಟ್ಟುವುದನ್ನು ಇಂಗ್ಲಿಷ್ ಬಹಳ ಚೆನ್ನಾಗಿ ಕಲಿಸಿದೆ. ಓದಿದ ಕಾಂತರಾಜ್ "ಸೂಪರ್ ಅತ್ತಿಗೆ, ಒಂದು ಪದ ಅರ್ಥ ಆಗ್ಲಿಲ್ಲ!" ಎಂದು ಖುಷಿಪಟ್ಟ. ಒಂದು ಕ್ಷಣ ನನಗೂ ಹೆಮ್ಮೆಯಾಯಿತು. ಅದನ್ನೂ ಬರೆದಿಡುತ್ತೇನೆ.

ಸಹಿ ಮಾತ್ರ ಇನ್ನೊಂದು ದಿನ ಹಾಕುತ್ತೇನೆ ಎಂದು ಕಾಗದವನ್ನು ನನ್ನ ಹತ್ತಿರವೇ ಇಟ್ಟುಕೊಂಡೆ.

ಫೆಬ್ರವರಿ 15, ಭಾನುವಾರ

ಶಿವರಾತ್ರಿ. ಅತ್ತೆಗೆ ಉಪವಾಸ, ಆದರೆ ಮಾತಿಗೆ ಉಪವಾಸವಿಲ್ಲ. ಗಾಡಿಗೆ ದೃಷ್ಟಿ ತಾಗಿತು, ಚೌಡಮ್ಮನ ಗ್ರಹಚಾರ ಸರಿಯಿರಲಿಲ್ಲ, ಮೆಟ್ಟಿಲು ದಕ್ಷಿಣಕ್ಕಿತ್ತು. ಚಕ್ರ ಇರುವ ಮನೆಗೆ ದಕ್ಷಿಣ ಯಾವುದು ಎಂದು ಕೇಳಿದೆ.

ಬಿಲ್ವಪತ್ರೆ ಬಿಡಿಸುತ್ತಿದ್ದವರು ಕೈ ನಿಲ್ಲಿಸಿದರು. "ನಿಂಗೆ ನಮ್ಮನ್ನ ಕಂಡ್ರೆ ನಗು. ಇರ್ಲಿ. ಪಂಪ್ ಶೆಡ್ಡಿಂದ ಎಳೀರಿ ಅಂದಿದ್ದು ನಾನಲ್ಲ ಸ್ಫೂರ್ತಿ."

"ನೀವು ಕೇಳಿಸ್ಕೊಂಡ್ರಾ?"

"ಕಿವಿ ಚೆನ್ನಾಗೇ ಇದೆ. ಯಾರೂ ನನ್ನ ಕೇಳ್ಲಿಲ್ಲ, ನಾನು ಹೇಳ್ಲಿಲ್ಲ." ಇನ್ನೆರಡು ದಳ ಬಿಡಿಸಿ, "ಹಾಲು ಗ್ಯಾಸಲ್ಲೂ ಉಕ್ಕುತ್ತೆ ಕಣೆ. ಅಡುಗೆಯವರ ಒಲೆ ಅಲ್ಲೇ ಉರೀತಿತ್ತು. ನಂಗೂ ಹೊಳೀಲಿಲ್ಲ, ನಿಂಗೂ ಹೊಳೀಲಿಲ್ಲ," ಎಂದರು.

ಹೊಳೆದಿರಲಿಲ್ಲ. ಹತ್ತು ಹೆಜ್ಜೆ ದೂರದಲ್ಲಿ ಪಾಯಸ ಕುದಿಯುತ್ತಿತ್ತು.

ಫೆಬ್ರವರಿ 18, ಬುಧವಾರ

ಗಾಜನೂರಿಗೆ ಹೋಗಿ ಚೌಡಮ್ಮನನ್ನು ನೋಡಿ ಬಂದೆ. ಆಸ್ಪತ್ರೆಯಿಂದ ಮನೆಗೆ ಬಂದಿದ್ದಾಳೆ. ನಾನು ಕಿತ್ತಳೆ ಹಣ್ಣು ಒಯ್ದಿದ್ದೆ. ಒಂದು ಕೈಗೆ ಪ್ಲಾಸ್ಟರು, ಇನ್ನೊಂದಕ್ಕೆ ಪಟ್ಟಿ ಇರುವವಳಿಗೆ ಸುಲಿಯಬೇಕಾದ ಹಣ್ಣು. ಓದಿದವರ ಬುದ್ಧಿ. ನಾನೇ ಸುಲಿದು ಬಾಯಿಗಿಟ್ಟೆ.

"ನಂದೇ ತಪ್ಪಮ್ಮ. ಒದ್ದೆ ಕೈ ಅಂತೆ. ಕಾಂತರಾಜಣ್ಣ ಬಂದು ಹೇಳ್ತು. ಒದ್ದೆ ಕೈಯಲ್ಲಿ ಮುಟ್ಟಬಾರದಿತ್ತು ಅಂತ."

"ನಿಮ್ಮ ತಪ್ಪಲ್ಲ."

"ಅಲ್ಲ, ನಾನೂ ಯೋಚ್ನೆ ಮಾಡಿದೆ. ಹೊಸ್ತಿಲನ್ನ ಯಾರಾದ್ರೂ ಒಣಬಟ್ಟೇಲಿ ಒರೆಸ್ತಾರಾ? ನಲವತ್ತು ವರ್ಷದಿಂದ ಒರೆಸ್ತಿದೀನಿ, ಯಾವ ಹೊಸ್ತಿಲೂ ಹಿಂಗೆ ಒದ್ದಿರ್ಲಿಲ್ಲ." ಹೇಳಿ ತಾನೇ ನಕ್ಕಳು. ನಗುವಾಗ ಭುಜ ನೋಯುತ್ತದೆ ಎಂದು ಮತ್ತೆ ನಕ್ಕಳು.

ಹೊರಡುವಾಗ, "ಆ ಕರೆಂಟಿನ ಅಪ್ಪಾಜಿ ಬಂದಿತ್ತು. ಅಲ್ಲೇ ಬಾಗ್ಲಲ್ಲಿ ನಿಂತ್ಕೊಂಡು ಅತ್ತುಬಿಡ್ತು ಪಾಪ. ಅದಕ್ಯಾಕೆ ಅಳಬೇಕು? ಏನ್ ಮಾಡ್ತು ಅದು?" ಎಂದಳು.

ಉತ್ತರ ನನಗೆ ಗೊತ್ತಿತ್ತು. ಬಸ್ಸು ಬಂತು ಎಂದು ಸುಳ್ಳು ಹೇಳಿ ಹೊರಟೆ.

ಫೆಬ್ರವರಿ 20, ಶುಕ್ರವಾರ

ಅರ್ಧ ದಿನ ರಜೆ ಹಾಕಿ ಭದ್ರಾವತಿಯಲ್ಲಿ ಇಳಿದೆ. ಕಾರ್ಖಾನೆಯ ಹಳೆಯ ಕ್ವಾರ್ಟರ್ಸುಗಳ ಸಾಲು. ವೈರ್‌ಮನ್ ಕೊಟ್ರಬಸಪ್ಪ ಎಂದು ಕೇಳಿದರೆ ತಮಿಳು, ತೆಲುಗು, ಕನ್ನಡ ಮೂರರಲ್ಲೂ ದಾರಿ ಹೇಳಿದರು. ಜಗುಲಿಯಲ್ಲಿ ಮಿಕ್ಸಿಯೊಂದನ್ನು ಬಿಚ್ಚಿಕೊಂಡು ಕೂತಿದ್ದರು.

"ಹೂವು ಕಟ್ತಾ ಇದೀನಾ ಅಂತ ನೋಡೋಕೆ ಬಂದ್ರಾ ಮೇಡಂ?"

ಹೌದು, ನಾನು ಹಾಗೆ ಹೇಳಿದ್ದೆ. ನಿಂತೇ ಇದ್ದೆ. ಅವರ ಹೆಂಡತಿ ವೀರಮ್ಮ ಕುರ್ಚಿ ತಂದಿಟ್ಟು, "ಕೂತ್ಕೊಳ್ಳಮ್ಮ, ಇವ್ರು ಹನ್ನೆರಡು ದಿನದಿಂದ ನನ್ ಹತ್ರಾನೂ ಹಿಂಗೇ ಮಾತಾಡೋದು," ಎಂದರು.

ಕಂಬವನ್ನು ಪರಿವೀಕ್ಷಕರು ಪರೀಕ್ಷೆ ಮಾಡಿದರೆ ನಿಜ ಗೊತ್ತಾಗುವುದಿಲ್ಲವೇ ಎಂದು ಕೇಳಿದೆ. ಅದೊಂದು ಆಸೆ ಇಟ್ಟುಕೊಂಡು ಬಂದಿದ್ದೆ; ಯಂತ್ರವೇ ಹೇಳಿಬಿಟ್ಟರೆ ನಾನು ಹೇಳುವುದು ತಪ್ಪುತ್ತದೆ.

"ಈಗ ಅಲ್ಲಿರೋದು ನಾನು ಹಾಕಿದ ಸ್ವಿಚ್ಚಲ್ಲ. ಕೆಟ್ಟದ್ದೊಂದು ತಂದು ಕೂರಿಸಿದಾರೆ. ನಾನು ಅಲ್ಲ ಅಂದ್ರೆ ಯಾರು ನಂಬ್ತಾರೆ? ಪೆಟ್ಟಿಗೆ ಮೇಲೆ ಹೆಸರಿರೋದು ನಂದು." ಮಿಕ್ಸಿಯ ತಿರುಪನ್ನು ಬಿಗಿಮಾಡಿದರು. "ಪರ್ಮಿಟ್ ಹೋದ್ರೆ ಹೋಗ್ಲಿ ಅನ್ಬಹುದು. ಆದ್ರೆ ಈ ಸಾಲಲ್ಲಿ ಪ್ರತಿ ಮನೆ ವೈರಿಂಗ್ ನಂದು ಮೇಡಂ. ನಾಳೆಯಿಂದ ಇವ್ರೆಲ್ಲ ಸ್ವಿಚ್ಚು ಹಾಕುವಾಗ ನನ್ನ ಮುಖ ನೋಡ್ತಾರೆ."

ಬರುವಾಗ ಕೇಳಿದೆ: ಗಾಡಿಯಲ್ಲಿ ಕರೆಂಟು ಎಲ್ಲಿ ಹತ್ತಿದೆ ಎಂದು ತೋರಿಸುತ್ತೀರಾ? ನೀವು ನೋಡ್ತೀರಾ ಎಂದರು. ನೋಡುತ್ತೇನೆ ಎಂದೆ.

ಫೆಬ್ರವರಿ 22, ಭಾನುವಾರ

ಗಾಡಿ ಈಗ ಶಿವಮೊಗ್ಗದ ನಮ್ಮ ಮನೆಯ ಪಕ್ಕದ ಖಾಲಿ ಸೈಟಿನಲ್ಲಿದೆ. ರುದ್ರೇಶ್ ಬೆಳಿಗ್ಗೆಯೇ ಎಲ್ಲಿಗೋ ಹೋದ. ಹತ್ತಕ್ಕೆ ಕೊಟ್ರಬಸಪ್ಪನವರು ಬಂದರು. ಅತ್ತೆ ಕಾಫಿ ತಂದರು, "ಚಪ್ಪಲಿ ಹಾಕ್ಕೊಂಡೇ ಹತ್ತಿ," ಎಂದರು.

ನಮ್ಮ ಮನೆಯಲ್ಲೂ ಬೀಳುವ ಸ್ವಿಚ್ಚಿದೆ. ಅದರ ಗುಂಡಿ ಒತ್ತಿ ಬೀಳಿಸಿ ತೋರಿಸಿದರು. ಒತ್ತಿದಾಗ ಬೀಳದಿದ್ದರೆ ಅದನ್ನು ನಂಬಬಾರದಂತೆ. ಆಮೇಲೆ ಕೇಬಲ್ ನನ್ನ ಕೈಗೇ ಕೊಟ್ಟರು. ಸುರುಳಿ ಪೂರ್ತಿ ಬಿಚ್ಚಿ ನೆಲಕ್ಕೆ ಹಾಸಬೇಕು, ಸುತ್ತಿದ್ದರೆ ಒಳಗೊಳಗೇ ಕಾಯುತ್ತದೆ. ಮೇನ್ ಆರಿಸಿರಬೇಕು. ಮೊದಲು ಗಾಡಿಯ ಕಡೆ ಸಿಕ್ಕಿಸಬೇಕು, ಆಮೇಲೆ ಕರೆಂಟು ಬರುವ ಕಡೆ.

"ಕರೆಂಟ್ ಕಡೆ ಮೊದಲು ಹಾಕಿದ್ರೆ ಏನಾಗುತ್ತೆ?"

"ಇನ್ನೊಂದು ತುದಿ ಯಾರ ಕೈಯಲ್ಲಿದೆ?"

ನನ್ನ ಕೈಯಲ್ಲಿತ್ತು.

ಹೇಳಿದ ಕ್ರಮದಲ್ಲೇ ಮಾಡಿ ಸ್ವಿಚ್ಚು ಎತ್ತಿದೆ. ಟಪ್ಪೆಂದು ಬಿತ್ತು. "ಈಗ ಕೇಬಲ್ ಕಿತ್ತಿಟ್ಟು ಗೀಸರ್ ವೈರು ಬಿಚ್ಚಿ." ತಿರುಪುಳಿ ನನಗೇ ಕೊಟ್ಟರು. ಮೊದಲನೆಯ ತಿರುಪು ಜಾರಿತು, ಎರಡನೆಯದರಲ್ಲಿ ಉಗುರು ಕಿತ್ತಿತು, ಅವರು ಸುಮ್ಮನೆ ನೋಡುತ್ತ ನಿಂತಿದ್ದರು. ಮತ್ತೆ ಕೇಬಲ್ ಸಿಕ್ಕಿಸಿ ಸ್ವಿಚ್ಚು ಎತ್ತಿದೆ. ನಿಂತಿತು. ಮೀಟರಿಟ್ಟು ತೋರಿಸಿದರು: ಗೀಸರಿನೊಳಗಿನ ಕಾಯಿಲಿನಿಂದ ಕರೆಂಟು ಸೋರಿ ಗಾಡಿಯ ಇಡೀ ತಗಡಿಗೆ ಹತ್ತುತ್ತಿದೆ. ಕಂಬದಲ್ಲಿ ಸಿಕ್ಕಿಸಿದರೆ ಅದು ಅರ್ಥಿಂಗಿಗೆ ಹೋಗುತ್ತದೆ, ಆ ಕ್ಷಣವೇ ಸ್ವಿಚ್ಚು ಬೀಳುತ್ತದೆ. ಎರಡೇ ವೈರಿನ ಪಂಪ್ ಶೆಡ್ಡಿನಿಂದ ಕೊಟ್ಟರೆ ಅದಕ್ಕೆ ಹೋಗಲು ದಾರಿಯಿಲ್ಲ, ಒದ್ದೆ ನೆಲದಲ್ಲಿ ನಿಂತು ಮುಟ್ಟುವವರಿಗಾಗಿ ಕಾಯುತ್ತ ಕೂರುತ್ತದೆ. ಭಾನುವಾರ ನಮ್ಮೆಲ್ಲರ ಕಾಲಡಿಯ ನೆಲ ಒಣಗಿತ್ತು.

ಹೈಸ್ಕೂಲಿನಲ್ಲಿ ಇದನ್ನೇ ಇಂಗ್ಲಿಷಿನಲ್ಲಿ ಓದಿ ನೂರಕ್ಕೆ ತೊಂಬತ್ತನಾಲ್ಕು ತೆಗೆದಿದ್ದೆ.

ಅವರು ಹೋದ ಮೇಲೆ ಎಲ್ಲ ಹಂತವನ್ನೂ ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರೆದು ಗಾಡಿಯ ಬಾಗಿಲ ಒಳಗೆ ಅಂಟಿಸಿದೆ. ಎರಡು ಸಲ ತಪ್ಪಾಯಿತು. ಅವರಿಗೆ ಫೋನ್ ಮಾಡಿ ಕೇಳಿ ತಿದ್ದಿದೆ.

ಫೆಬ್ರವರಿ 26, ಗುರುವಾರ

ರುದ್ರೇಶನಿಗೆ ಹೇಳಿದೆ: ಆ ಇಂಗ್ಲಿಷ್ ಕಾಗದಕ್ಕೆ ಸಹಿ ಹಾಕುವುದಿಲ್ಲ, ಬೇರೆಯೇ ಬರೆಯುತ್ತೇನೆ.

"ಕೇಸಾದ್ರೆ ನಾನು ಒಳಗೆ ಹೋಗ್ತೀನಿ. ಗೊತ್ತಾ?"

"ಐಡಿಯಾ ಕೊಟ್ಟೋಳು ನಾನು. ನಾನೂ ಬರ್ತೀನಿ."

"ತಮಾಷೆ ಮಾಡ್ಬೇಡ ಮಾರಾಯ್ತಿ. ಯಾರೋ ವೈರ್‌ಮನ್‌ಗೋಸ್ಕರ ಮನೆ ಮುರೀತಿಯಾ?"

"ಅವತ್ತು ಅಲ್ಲಿ ಕೆಲಸ ಗೊತ್ತಿದ್ದೋರು ಅವರೊಬ್ಬರೇ ರುದ್ರೇಶ್."

ಅವನು ನಕ್ಕ. ಒಂದು ತುಟಿ ಮಾತ್ರ ಮೇಲೇಳುವ ನಗು. ಎಲ್ಲಿಂದ ಕಲಿತ ಇದನ್ನು ಎಂದು ಅಸಹ್ಯವಾಯಿತು. ಇಪ್ಪತ್ತೆರಡು ವರ್ಷ ನನ್ನ ಎದುರಿಗೆ ಕೂತು ಊಟ ಮಾಡಿದ್ದಾನೆ.

ಕಾಂತರಾಜನಿಗೆ ಫೋನ್ ಮಾಡಿದ. ಕಾಂತರಾಜ್ ನನಗೆ ಮಾಡಿದ. ಅತ್ತಿಗೆ ಎಂದು ಶುರುಮಾಡಿ, ಏನ್ರೀ ಎಂದು ಮುಗಿಸಿದ.

ಫೆಬ್ರವರಿ 28, ಶನಿವಾರ

ಬರೆದು ಮುಗಿಸಿದೆ. ಕನ್ನಡದಲ್ಲಿ. ಇಂಗ್ಲಿಷಿನಲ್ಲಿ ನನಗೆ ಅಡಗಿಕೊಳ್ಳಲು ಜಾಗ ಬಹಳ. ಕನ್ನಡದಲ್ಲಿ ಯಾರು ಎಳೆದರು ಎಂದು ಕೇಳಿಕೊಂಡೇ ವಾಕ್ಯ ಮುಂದೆ ಹೋಗುತ್ತದೆ. ನಾಲ್ಕು ಸಲ ಬರೆದೆ. ಮೊದಲ ಮೂರರಲ್ಲಿ ಕಾಂತರಾಜನ ಬಗ್ಗೆ ಮೂರು ಪ್ಯಾರಾ, ನನ್ನ ಬಗ್ಗೆ ಒಂದು ಸಾಲು. ನಾಲ್ಕನೆಯದರಲ್ಲಿ ಅದು ತಿರುಗುಮುರುಗಾಗಿದೆ.

ಮಧ್ಯಾಹ್ನ ಕೊಟ್ರಬಸಪ್ಪನವರಿಗೆ ಫೋನಿನಲ್ಲಿ ಓದಿ ಹೇಳಿದೆ. ಖುಷಿಪಡುತ್ತಾರೆ ಎಂದುಕೊಂಡಿದ್ದೆ.

"ಒಂದು ಬಿಟ್ಟಿದೀರಿ," ಎಂದರು. "ನಾನು ಎದ್ದು ಹೋಗಿದ್ದು."

"ಹೋಗದೆ ಇನ್ನೇನ್ ಮಾಡ್ತಿದ್ರಿ? ಎಲ್ಲರೂ ನಿಮ್ಮನ್ನ ನೋಡಿ ನಗ್ತಿದ್ವಿ."

"ಪಂಪ್ ಶೆಡ್ಡಿನ ಫ್ಯೂಸ್ ಕಿತ್ಕೊಂಡು ಹೋಗ್ಬಹುದಿತ್ತು. ಜೇಬಲ್ಲಿ ಹಾಕ್ಕೊಂಡಿದ್ರೆ ಮುಗೀತಿತ್ತು. ಸಿಟ್ಟಲ್ಲಿ ಬಸ್ ಹತ್ತಿದೆ. ಮನೆಗೆ ಹೋಗಿ ಅನ್ನ ತಿಂದೆ. ಸೋಮವಾರದವರೆಗೂ ವಾಪಸ್ ಬಂದು ನೋಡ್ಲಿಲ್ಲ. ಅದನ್ನೂ ಬರೀರಿ ಮೇಡಂ."

"ಅದನ್ನ ಬರೆದ್ರೆ ನಿಮಗೇ ತೊಂದರೆ. ಕಾಂತರಾಜ್ ಅದನ್ನೇ ಹಿಡ್ಕೋತಾನೆ."

"ಹಿಡ್ಕೊಳ್ಳಲಿ. ಆಗಿದ್ದು ಹೌದಲ್ಲ."

ಹತ್ತು ನಿಮಿಷ ವಾದ ಮಾಡಿದೆ. ಹಟಮಾರಿ ಮನುಷ್ಯ. ಈ ಊರಿನಲ್ಲಿ ತಪ್ಪಿಲ್ಲದವರಿಗೆ ತಪ್ಪು ಒಪ್ಪಿಕೊಳ್ಳುವ ಅವಸರ, ಉಳಿದವರು ಚಕ್ಕುಲಿ ಮುರಿಯುತ್ತಾರೆ. ಕೊನೆಗೆ ಅವರು ಹೇಳಿದ ಹಾಗೇ ಬರೆದೆ: ಅವರು ಫ್ಯೂಸ್ ತೆಗೆಯದೆ ಹೊರಟುಹೋದರು. ಅದರ ಕೆಳಗೆ, ಅವರನ್ನು ಕೇಳದೆ, ಇನ್ನೊಂದು ಸಾಲು ಸೇರಿಸಿದೆ: ಎಚ್ಚರಿಸಿದ ಅವರನ್ನು ನಾನು ಎಲ್ಲರೆದುರು ಹೀಯಾಳಿಸಿದ್ದರಿಂದ ಹೊರಟುಹೋದರು.

ಅತ್ತೆ ಬಂದು, ಕನ್ನಡಕ ಹಾಕಿಕೊಂಡು ಎರಡೂ ಪುಟ ನಿಧಾನವಾಗಿ ಓದಿದರು. ಪೆನ್ನು ಕೇಳಿ, ನನ್ನ ಸಹಿಯ ಕೆಳಗೆ "ನಾನೂ ಕೇಳಿಸಿಕೊಂಡಿದ್ದೇನೆ" ಎಂದು ಬರೆದು ತಮ್ಮ ಪೂರ್ತಿ ಹೆಸರು ಹಾಕಿದರು. ರುದ್ರೇಶ್ ಬಾಗಿಲಲ್ಲಿ ನಿಂತು ನೋಡಿ ಒಳಗೆ ಹೋದ.

ಲಕೋಟೆಗೆ ವಿಳಾಸ ಬರೆದು ಅಂಟಿಸಿದೆ. ನಾಳೆ ಭಾನುವಾರ, ಅಂಚೆ ಕಚೇರಿ ಇಲ್ಲ. ಸ್ಪೀಡ್ ಪೋಸ್ಟಿಗೆ ಹಾಕುವುದು ಸೋಮವಾರ, 2 ಮಾರ್ಚ್ 2026.